ಕಪ್ಪು ಟಾರ್ಚು ಕರಾವಳಿಗೆ ಬೇಡ

ಹಿರಿಯಡ್ಕ ಪೇಟೆಯಲ್ಲಾಗಲಿ ಕಾರ್ಕಳದಲ್ಲಾಗಲಿ, ಲೋಹದ ಟಾರ್ಚು ಬೇಕೆಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದವರ ಮುಂದೆ ಮೊದಲು ಬಂದು ಕೂರುವುದು ಕಪ್ಪು ಬಣ್ಣದ್ದು. "ಕಪ್ಪೇ ತಕೊಳ್ಳಿ ಮಾರಾಯ್ರೆ. ಮಿಲಿಟ್ರಿ ಕೋಟಿಂಗ್. ಎಷ್ಟು ಮಳೆಗಾಲ ಕಳೆದ್ರೂ ಹೋಗ್ಲಿಕ್ಕಿಲ್ಲ." ಮಾರುವವರ ಈ ಮಾತನ್ನು ಕೊಳ್ಳುವವರು ಪ್ರಶ್ನಿಸುವುದಿಲ್ಲ, ಯಾಕೆಂದರೆ ಅವರೂ ಅದನ್ನೇ ನಂಬಿ ಬಂದಿರುತ್ತಾರೆ. ಬೆಳ್ಳಿ ಬಣ್ಣದ್ದೆಂದರೆ ಅಗ್ಗದ ಮಾಲು, ಬಂಗಾರ ಬಣ್ಣದ್ದು ಶೋಕಿಗೆ, ನೀಲಿ ಹಸಿರು ಮಕ್ಕಳಿಗೆ, ಗಟ್ಟಿ ಬೇಕಿದ್ದರೆ ಕಪ್ಪು. ಕಾಪುವಿನಿಂದ ಹೆಬ್ರಿಯವರೆಗೆ ಇದು ಸರ್ವಸಮ್ಮತ. ಈ ಸಮ್ಮತಿಗೆ ಆಧಾರವಿಲ್ಲ ಎಂದು ನಾನು ಹೇಳುತ್ತೇನೆ. ಕಪ್ಪು ಬಣ್ಣಕ್ಕೂ ಬಾಳಿಕೆಗೂ ಸಂಬಂಧವಿಲ್ಲ. "ಮಿಲಿಟ್ರಿ" ಎಂಬ ಮಾತು ಯಾವ ಗುಣವನ್ನು ಹೊಗಳುತ್ತದೋ ಆ ಗುಣ ನಮ್ಮ ನೆಲದಲ್ಲಿ ಟಾರ್ಚನ್ನು ಉಳಿಸುವಂಥದ್ದಲ್ಲ. ಅದಕ್ಕಿಂತ ದೊಡ್ಡ ದೋಷ, ರಾತ್ರಿ ಕೈಜಾರಿದರೆ ಸಿಗದ ಬಣ್ಣವನ್ನೇ ನಾವು ರಾತ್ರಿಯ ಸಾಧನಕ್ಕೆ ಬಳಿದಿಟ್ಟುಕೊಂಡಿದ್ದೇವೆ.

ಸೈನಿಕನಿಗೆ ಕಪ್ಪು ಬೇಕಾದದ್ದಕ್ಕೆ ಕಾರಣವಿದೆ. ಅವನ ಕೈಯಲ್ಲಿರುವ ವಸ್ತು ಬೆಳದಿಂಗಳಲ್ಲಿ ಮಿನುಗಬಾರದು, ಎದುರಾಳಿಯ ಕಣ್ಣಿಗೆ ಬೀಳಬಾರದು. 1979ರಲ್ಲಿ ಆಂಟನಿ ಮ್ಯಾಗ್ಲಿಕಾ ಕ್ಯಾಲಿಫೋರ್ನಿಯಾದಲ್ಲಿ ಮಾರುಕಟ್ಟೆಗೆ ತಂದ ಅಲ್ಯೂಮಿನಿಯಂ ಮ್ಯಾಗ್‌ಲೈಟ್ ಅಮೆರಿಕದ ಪೊಲೀಸರ ಸೊಂಟಕ್ಕೇರಿದ ಮೇಲೆ, ಕಪ್ಪು ಲೋಹದ ಟಾರ್ಚು ಶೌರ್ಯದ ಗುರುತಾಗಿ ಲೋಕವೆಲ್ಲ ಹರಡಿತು. ಆದರೆ ಅದೇ ಮ್ಯಾಗ್‌ಲೈಟ್ ಬೆಳ್ಳಿ, ನೀಲಿ, ಕೆಂಪು ಬಣ್ಣಗಳಲ್ಲೂ ಬಂದಿದೆ. ತೋಟಕ್ಕೆ ನೀರು ಬಿಡಲು ಬೆಳಗಿನ ಜಾವ ಪಂಪಿನ ಬಳಿ ಹೋಗುವವನಿಗೆ, ಮಲ್ಪೆಯ ಬೋಟಿನ ಡೆಕ್ಕಿನಲ್ಲಿ ಬಲೆ ಬಿಡಿಸುವವನಿಗೆ, ಮಳೆಯಲ್ಲಿ ಕರೆಂಟು ಕಂಬ ಹತ್ತುವ ಲೈನ್‌ಮ್ಯಾನಿಗೆ ಅಡಗಿಕೊಳ್ಳುವ ಅಗತ್ಯ ಎಲ್ಲಿದೆ? ಅವನ ಅಗತ್ಯ ಸೈನಿಕನದಕ್ಕೆ ನೇರ ವಿರುದ್ಧವಾದದ್ದು.

ಇನ್ನು ಕೋಟಿಂಗಿನ ವಿಷಯ. ಅಲ್ಯೂಮಿನಿಯಂ ಟಾರ್ಚಿನ ಮೇಲಿರುವುದು ಸಾಮಾನ್ಯವಾಗಿ ಪೇಂಟಲ್ಲ, ಆನೋಡೈಸಿಂಗ್. ಗಂಧಕಾಮ್ಲದ ತೊಟ್ಟಿಯಲ್ಲಿ ಲೋಹವನ್ನು ಮುಳುಗಿಸಿ ವಿದ್ಯುತ್ತು ಹರಿಸಿದರೆ ಮೇಲ್ಮೈಯ ಅಲ್ಯೂಮಿನಿಯಮ್ಮೇ ಆಕ್ಸೈಡಾಗಿ ಬೆಳೆಯುತ್ತದೆ. ಹೊರಗಿನಿಂದ ಏನನ್ನೂ ಅಂಟಿಸುವುದಿಲ್ಲವಾದ್ದರಿಂದ ಅದು ಪೇಂಟಿನ ಹಾಗೆ ಸುಲಿದು ಬರುವುದಿಲ್ಲ. ಈ ವಿದ್ಯೆಯನ್ನು ಕೈಗಾರಿಕೆಯ ಮಟ್ಟದಲ್ಲಿ ಮೊದಲು ಬಳಸಿದ್ದು 1923ರಲ್ಲಿ, ಬ್ರಿಟನ್ನಿನಲ್ಲಿ. ಬೆಂಗಫ್ ಮತ್ತು ಸ್ಟುವರ್ಟ್ ಎಂಬಿಬ್ಬರು ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಇದನ್ನು ಮಾಡಿದರು. ಅವರ ಉದ್ದೇಶ ಗೀರು ತಡೆಯುವುದಲ್ಲ, ನೀರಿನ ಮೇಲಿಳಿಯುವ ವಿಮಾನಗಳ ಡ್ಯುರಾಲುಮಿನ್ ಭಾಗಗಳನ್ನು ಕಡಲ ಉಪ್ಪಿನಿಂದ ಕಾಪಾಡುವುದು. ಹುಟ್ಟಿದ್ದೇ ಉಪ್ಪುನೀರಿಗೆ ಉತ್ತರವಾಗಿ. ಕಡಲ ತಡಿಯ ನಾವು ಆ ಮೂಲ ಉದ್ದೇಶವನ್ನು ಬಿಟ್ಟು "ಚೂರಿಯಲ್ಲಿ ಗೀರಿದರೂ ಗೆರೆ ಬೀಳದು" ಎಂಬ ಮಾತಿಗೆ ಮರುಳಾಗಿದ್ದೇವೆ.

ಆ ಮಾತನ್ನೇ ಪರೀಕ್ಷಿಸೋಣ. ಗಟ್ಟಿ ಆನೋಡೈಸಿಂಗನ್ನು ಸೊನ್ನೆ ಡಿಗ್ರಿಯ ಆಸುಪಾಸಿನ ತಣ್ಣನೆ ಆಮ್ಲದಲ್ಲಿ, ಹೆಚ್ಚಿನ ವಿದ್ಯುತ್ತು ಹರಿಸಿ ಮಾಡುತ್ತಾರೆ. ಪದರದ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 400, ಅದರ ಕೆಳಗಿನ ಟಾರ್ಚಿನ ಅಲ್ಯೂಮಿನಿಯಂ ಸುಮಾರು 100. ಮಲ್ಪೆ, ಕಾಪುವಿನ ಮರಳಿನಲ್ಲಿರುವ ಸ್ಫಟಿಕದ ಕಣ ಸಾವಿರ ದಾಟುತ್ತದೆ. ಎಂದ ಮೇಲೆ ನಮ್ಮ ಮರಳು ಎಂಥ ಗಟ್ಟಿ ಪದರವನ್ನೂ ಗೀರುತ್ತದೆ. ಇನ್ನು ಟಾರ್ಚು ಬೀಳುವುದು ಸೋಫಾದ ಮೇಲಲ್ಲ, ಪಾದೆಯ ಮೇಲೆ, ಕೆಂಪುಕಲ್ಲಿನ ಮೆಟ್ಟಿಲ ಮೇಲೆ. ಬಿದ್ದ ಪೆಟ್ಟಿಗೆ ಒಳಗಿನ ಮೆದು ಲೋಹ ಕುಸಿಯುತ್ತದೆ, ಮೇಲಿನ ಗಡಸು ಪದರ ಜೊತೆಗೆ ಬಗ್ಗಲಾರದೆ ಬಿರಿಯುತ್ತದೆ. ಮೆತ್ತಗಿನ ಅನ್ನದ ಮೇಲೆ ಹಪ್ಪಳ ಇಟ್ಟು ಬೆರಳಿನಿಂದ ಒತ್ತಿದ ಹಾಗೆ. ಚೂಪಾದ ಅಂಚುಗಳ ಕತೆ ಇನ್ನೂ ಕಷ್ಟದ್ದು. ಆಕ್ಸೈಡು ಮೇಲ್ಮೈಗೆ ಲಂಬವಾಗಿ ಬೆಳೆಯುವುದರಿಂದ ಮೂಲೆಗಳಲ್ಲಿ ಎರಡು ಕಡೆಯ ಪದರ ಕೂಡಿಕೊಳ್ಳದೆ ಬಿರುಕು ಉಳಿಯುತ್ತದೆ. ಪದರ ದಪ್ಪವಾದಷ್ಟೂ ಆ ಬಿರುಕು ದೊಡ್ಡದು. ಹಿಡಿತಕ್ಕೆಂದು ಮೈತುಂಬ ಚೂಪು ಹಲ್ಲು ಕೊರೆದ ಕಪ್ಪು "ಟ್ಯಾಕ್ಟಿಕಲ್" ಟಾರ್ಚುಗಳು ಮೊದಲು ಬೆಳ್ಳಗಾಗುವುದು ಆ ಹಲ್ಲುಗಳ ತುದಿಯಲ್ಲೇ. ಅಂಚುಗಳನ್ನು ದುಂಡಗೆ ಮಾಡಿದ ಸಾದಾ ಟಾರ್ಚು ಇಲ್ಲಿ ಗೆಲ್ಲುತ್ತದೆ.

ಮಿಲಿಟ್ರಿ ಎಂದರೆ ಯಾವ ಮಿಲಿಟ್ರಿ ಮಾನದಂಡ? ಅಮೆರಿಕದ ಸೈನ್ಯದ 8625ನೇ ಮಾನದಂಡದಲ್ಲಿ ಮೂರು ಮುಖ್ಯ ಬಗೆಗಳಿವೆ: ಕ್ರೋಮಿಕ್ ಆಮ್ಲದ ತೆಳು ಪದರ, ಗಂಧಕಾಮ್ಲದ ಸಾಮಾನ್ಯ ಪದರ, ಮೂರನೆಯದು ಸುಮಾರು 50 ಮೈಕ್ರಾನಿನ ಗಟ್ಟಿ ಪದರ. ಮೂರೂ "ಮಿಲಿಟ್ರಿ"ಯೇ! ಸಾಮಾನ್ಯ ಪದರಕ್ಕೆ ಕಪ್ಪು ಡೈ ಹಾಕಿ ಅದೇ ಹೆಸರಿನಲ್ಲಿ ಮಾರಿದರೆ ಕಣ್ಣಿನಿಂದ ಕಂಡುಹಿಡಿಯಲು ಯಾರಿಗೂ ಸಾಧ್ಯವಿಲ್ಲ, ಕಪ್ಪು ಎಲ್ಲವನ್ನೂ ಮುಚ್ಚುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಆ ಮಾನದಂಡದ ಒಳಗೇ ಇದೆ. ಆನೋಡೈಸ್ ಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಕುದಿನೀರಿನಲ್ಲೋ ಬೇರೆ ದ್ರಾವಣದಲ್ಲೋ ಅದ್ದಿ ಆ ರಂಧ್ರಗಳನ್ನು ಮುಚ್ಚುವುದೇ ಸೀಲಿಂಗ್. ಸೀಲ್ ಮಾಡಿದರೆ ತೇವ, ಉಪ್ಪು ಒಳನುಗ್ಗುವುದಿಲ್ಲ, ಆದರೆ ಪದರದ ಸವೆತ ತಡೆಯುವ ಶಕ್ತಿ ಸ್ವಲ್ಪ ತಗ್ಗುತ್ತದೆ. ಹಾಗಾಗಿ ಸವೆತ ತಡೆಯುವುದೇ ಮುಖ್ಯವಾದಲ್ಲಿ ಗಟ್ಟಿ ಪದರವನ್ನು ಸೀಲ್ ಮಾಡಬೇಡಿ ಎಂದು ಆ ಮಾನದಂಡ ಹೇಳುತ್ತದೆ, ತುಕ್ಕು ತಡೆಯಬೇಕಾದಲ್ಲಿ ಮಾಡಿ ಎನ್ನುತ್ತದೆ. ಗಡಸುತನ ಬೇರೆ, ತುಕ್ಕಿಗೆ ಎದುರು ನಿಲ್ಲುವ ಗುಣ ಬೇರೆ. ಎರಡನ್ನೂ "ಗಟ್ಟಿ" ಎಂಬ ಒಂದೇ ಮಾತಿನಲ್ಲಿ ಕಟ್ಟಿ ಮಾರುವುದು ಮೋಸಕ್ಕೆ ದಾರಿ. ವರ್ಷಕ್ಕೆ 4 ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆಯಲ್ಲಿ, ಆಟಿ ತಿಂಗಳಲ್ಲಿ ಗೋಡೆಗಂಟಿದ ಕ್ಯಾಲೆಂಡರಿಗೂ ಬೂಸ್ಟು ಹಿಡಿಯುವ ಊರಲ್ಲಿ, ನಮಗೆ ಬೇಕಾದದ್ದು ಎರಡನೆಯದು.

ಹಾಗಾದರೆ ಹಿರಿಯಡ್ಕದಲ್ಲಿ ಟಾರ್ಚನ್ನು ನಿಜವಾಗಿ ತಿನ್ನುವುದು ಏನು? ಇಲ್ಲಿಂದ ಕಡಲಿಗೆ ಹತ್ತಿಪ್ಪತ್ತು ಕಿಲೋಮೀಟರ್. ಗಾಳಿಯಲ್ಲಿ ಬರುವ ಉಪ್ಪು ದಡದಿಂದ ಒಳನಾಡಿಗೆ ಬಂದಂತೆ ಬೇಗ ಕಡಿಮೆಯಾಗುತ್ತದೆ. ಕಾಪು, ಮಲ್ಪೆಯ ಶತ್ರು ಉಪ್ಪಾದರೆ ಸ್ವರ್ಣೆಯ ದಂಡೆಯ ಅಡಿಕೆ ತೋಟದ ಶತ್ರು ಬೇರೆ, ಅದು ಸುಣ್ಣ ಮತ್ತು ಮೈಲುತುತ್ತು. ಅಲ್ಯೂಮಿನಿಯಂ ಆಕ್ಸೈಡಿನ ಒಂದು ಗುಣವನ್ನು ಪ್ರತಿ ಕೃಷಿಕನೂ ತಿಳಿದಿರಬೇಕು. ಅದು ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಪಿಎಚ್ ಸುಮಾರು 4ರಿಂದ 8.5ರ ನಡುವೆ ಮಾತ್ರ ಅದು ನೆಮ್ಮದಿಯಿಂದಿರುತ್ತದೆ. ಸುಣ್ಣದ ತಿಳಿಯ ಪಿಎಚ್ 12ರ ಮೇಲೆ. ಎಲೆಯಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿಯ ಜೊತೆಗೇ ಟಾರ್ಚನ್ನಿಟ್ಟವರು, ಕೊಳೆಯಾಯಿತೆಂದು ಬೂದಿ ಹಾಕಿ ತಿಕ್ಕಿದವರು, ಎಂಥ ದುಬಾರಿ ಪದರವನ್ನೂ ತಾವೇ ಕರಗಿಸುತ್ತಿರುತ್ತಾರೆ.

ಬೋರ್ಡೋ ದ್ರಾವಣ ಇದಕ್ಕಿಂತ ಕೆಟ್ಟದ್ದು. ಮಳೆಗಾಲದ ಮುಂಚೆ ಕೊಳೆರೋಗಕ್ಕೆಂದು ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಕಲಸುವ ಪ್ರತಿಯೊಬ್ಬನಿಗೂ ಒಂದು ಪರೀಕ್ಷೆ ಗೊತ್ತು. ದ್ರಾವಣಕ್ಕೆ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಆ ಕೆಂಪು ತಾಮ್ರ. ದ್ರಾವಣದಲ್ಲಿನ ತಾಮ್ರ ಕಬ್ಬಿಣದ ಮೇಲೆ ಕೂತು, ಆ ಜಾಗದ ಕಬ್ಬಿಣವನ್ನು ಕರಗಿಸಿತು ಎಂದರ್ಥ. ಅಲ್ಯೂಮಿನಿಯಮ್ಮಿನ ಮೇಲೆ ನಡೆಯುವುದೂ ಅದೇ, ಇನ್ನೂ ಜೋರಾಗಿ. ಪದರ ಬಿರಿದ ಒಂದೊಂದು ಕಡೆಯಲ್ಲೂ ತಾಮ್ರ ಕೂತು ಸೂಜಿಮೊನೆಯಷ್ಟು ಗುಂಡಿ ತೋಡುತ್ತಾ ಹೋಗುತ್ತದೆ. ಸುಣ್ಣ ಕಡಿಮೆಯಾದರೆ ತಾಮ್ರ ತಿನ್ನುತ್ತದೆ, ಹೆಚ್ಚಾದರೆ ಕ್ಷಾರ ತಿನ್ನುತ್ತದೆ. ಕತ್ತಿಯ ಮೇಲೆ ಕೆಂಪು ನೋಡಿ ದ್ರಾವಣವನ್ನು ಸರಿಪಡಿಸುವ ನಮ್ಮ ಕೃಷಿಕರು, ಅದೇ ತೋಟದ ಗೊನೆಗೌಡನ ಟಾರ್ಚಿನ ಮೈಮೇಲಿನ ಬಿಳಿ ಪುಡಿಯನ್ನು ಮಾತ್ರ "ಕೋಟಿಂಗ್ ಸರಿಯಿಲ್ಲ" ಎಂದು ತಳ್ಳಿಬಿಡುವುದು ನನಗೆ ಬೇಸರ ತರುತ್ತದೆ. ಇದಕ್ಕೆ ಮದ್ದು ಕಪ್ಪು ಬಣ್ಣದಲ್ಲಿಲ್ಲ. ಸೀಲಾದ ಪದರ, ದುಂಡು ಅಂಚು, ಸಿಂಪಡಣೆಯ ದಿನ ಸಿಹಿನೀರಿನಲ್ಲಿ ತೊಳೆದು ಒರೆಸುವ ಅಭ್ಯಾಸ ಇವುಗಳಲ್ಲಿದೆ.

ಒಳಗಿನಿಂದ ತಿನ್ನುವುದೂ ಇದೆ. ಆಲ್ಕಲೈನ್ ಸೆಲ್ಲು ಸೋರಿದರೆ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಲ್ಯೂಮಿನಿಯಮ್ಮಿಗೆ ಅದಕ್ಕಿಂತ ದೊಡ್ಡ ವೈರಿ ಮನೆಯಲ್ಲಿ ಸಿಗಲಾರದು. ಮಳೆಗಾಲ ಮುಗಿಯಿತೆಂದು ಸೆಲ್ಲು ಸಮೇತ ಅಟ್ಟಕ್ಕೆ ಹಾಕಿದ ಟಾರ್ಚು ಮುಂದಿನ ವರ್ಷ ಮುಚ್ಚಳವೇ ತಿರುಗದಷ್ಟು ಕಚ್ಚಿಕೊಂಡಿರುತ್ತದೆ. ಹೊರಗಿನ ಕಪ್ಪು ಪದರ ಆಗಲೂ ಫಳಫಳ ಇರುತ್ತದೆ. ಹೊರಮೈಯ ಬಣ್ಣ ನೋಡಿ ಕೊಳ್ಳುವವರು ಮುಚ್ಚಳ ಬಿಚ್ಚಿ ಒಳಗೋಡೆಗೂ ಥ್ರೆಡ್ಡಿಗೂ ಆನೋಡೈಸ್ ಆಗಿದೆಯೇ ಎಂದು ನೋಡುವುದನ್ನು ನಾನು ಕಂಡಿಲ್ಲ. ಥ್ರೆಡ್ಡಿಗೆ ಆಗಿದ್ದರೆ ಇನ್ನೊಂದು ಲಾಭವೂ ಉಂಟು: ಆಕ್ಸೈಡು ವಿದ್ಯುತ್ತನ್ನು ಹರಿಯಬಿಡದ ಕಾರಣ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ, ಹೆಚ್ಚಿನ ಅಂಥ ಟಾರ್ಚುಗಳಲ್ಲಿ, ಚೀಲದಲ್ಲಿ ಸ್ವಿಚ್ಚು ಒತ್ತಿ ಹೋದರೂ ದೀಪ ಉರಿಯುವುದಿಲ್ಲ.

ಕಡಲ ಕಡೆಗೆ ಬರೋಣ. ಕಪ್ಪು ಟಾರ್ಚಿನ ಬಾಯಿಗೆ ಸ್ಟೇನ್‌ಲೆಸ್ ಸ್ಟೀಲಿನ ಉಂಗುರ ತೊಡಿಸುವುದು ಈಗಿನ ರೂಢಿ. ನೋಡಲು ಜಬರ್ದಸ್ತು, ಬಿದ್ದರೆ ಗಾಜು ಉಳಿಯುತ್ತದೆ ಎಂಬ ಸಮರ್ಥನೆಯೂ ಉಂಟು. ಉಪ್ಪುನೀರು ತಾಗಿದರೆ ಎರಡು ಬೇರೆ ಲೋಹಗಳ ನಡುವೆ ವಿದ್ಯುತ್ತು ಹರಿಯುತ್ತದೆ. ಆಗ ಸ್ಟೀಲು ಉಳಿಯುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಮೈಯೆಲ್ಲ ಪದರ ಇದ್ದು ಎಲ್ಲೋ ಒಂದು ಗೀರಿದ್ದರೆ, ಅಷ್ಟು ದೊಡ್ಡ ಸ್ಟೀಲಿನ ಬೇಡಿಕೆಯೆಲ್ಲ ಆ ಒಂದು ಗೀರಿನ ಮೇಲೆ ಬೀಳುತ್ತದೆ. ಒಳ್ಳೆಯ ಪದರವೇ ಆ ಗೀರಿಗೆ ಶಾಪವಾಗುತ್ತದೆ. ಮಲ್ಪೆ ಬಂದರಿನಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟು: ಸ್ಟೀಲಿನ ಉಂಗುರವಿಲ್ಲದ್ದನ್ನು ಕೊಳ್ಳಿ, ದಡಕ್ಕೆ ಬಂದ ಕೂಡಲೇ ಸಿಹಿನೀರಿನಲ್ಲಿ ಅದ್ದಿ ಒರೆಸಿ, ಥ್ರೆಡ್ಡಿಗೆ ತೆಂಗಿನೆಣ್ಣೆ ಹಾಕದೆ ಸಿಲಿಕೋನ್ ಗ್ರೀಸು ಹಚ್ಚಿ.

ಆನೋಡೈಸಿಂಗಲ್ಲದೆ ಬೇರೆ ಲೇಪಗಳೂ ಉಂಟು. ಪೌಡರ್ ಕೋಟಿಂಗು ಗೇಟಿಗೆ, ಕಿಟಕಿಗೆ ಸರಿ. ಟಾರ್ಚಿನಲ್ಲಿ ಒಂದು ಕಡೆ ಎದ್ದರೆ ತೇವ ಅದರಡಿ ಹುಳುವಿನಂತೆ ದಾರಿ ಮಾಡಿಕೊಂಡು ಹೋಗುತ್ತದೆ. ಸಿರಾಮಿಕ್ ಪೇಂಟು ಚೆನ್ನಾಗಿ ಬಳಿದರೆ ಒಳ್ಳೆಯದು, ನಮ್ಮ ಅಂಗಡಿಗಳಲ್ಲಿ ಅಪರೂಪ.

"ಬಣ್ಣದ್ದು ಬಿಸಿಲಿಗೆ ಮಾಸುತ್ತದೆ, ಕಪ್ಪು ಮಾಸುವುದಿಲ್ಲ" ಎಂಬುದು ಇನ್ನೊಂದು ಬೇರೂರಿದ ನಂಬಿಕೆ. ಮಾಸುವುದು ಬಣ್ಣದ ಹೆಸರಿನಿಂದಲ್ಲ, ರಂಧ್ರದೊಳಗೆ ಕೂತ ಪದಾರ್ಥದಿಂದ. ಕಪ್ಪಿನಲ್ಲೂ ಎರಡು ಬಗೆ. ತವರದ ಲವಣವನ್ನು ವಿದ್ಯುತ್ತಿನಿಂದ ರಂಧ್ರದ ತಳಕ್ಕೆ ಇಳಿಸಿದ ಕಪ್ಪು ಬಿಸಿಲಿಗೆ ಜಗ್ಗುವುದಿಲ್ಲ. ಅಗ್ಗದ ಸಾವಯವ ಡೈಯ ಕಪ್ಪು ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಬೇಸಿಗೆ ಕಳೆಯುವಷ್ಟರಲ್ಲಿ ನೇರಳೆಗೋ ಕಂದಿಗೋ ತಿರುಗುತ್ತದೆ. ಅಂಗಡಿಯಲ್ಲಿ ಎರಡೂ ಒಂದೇ ಹಾಗೆ ಕಾಣುತ್ತವೆ. ಶೋಕಿಯದ್ದೆಂದು ನಾವು ಬದಿಗೆ ಸರಿಸುವ ಬಂಗಾರ ಬಣ್ಣವೋ, ಬಹಳ ಕಾಲದಿಂದ ಕಬ್ಬಿಣದ ಲವಣವೊಂದರಿಂದ, ಫೆರಿಕ್ ಅಮೋನಿಯಂ ಆಕ್ಸಲೇಟಿನಿಂದ, ಮಾಡುವಂಥದ್ದು. ಹೊರಗಿನ ಬಿಸಿಲು ಮಳೆಗೆ ಒಡ್ಡಿದ ಕಟ್ಟಡದ ಅಲ್ಯೂಮಿನಿಯಮ್ಮಿಗೆ ಅದನ್ನು ಬಳಸುತ್ತಾರೆಂದರೆ ಅದರ ತಾಳಿಕೆ ಎಷ್ಟೆಂದು ಊಹಿಸಬಹುದು. ಡೈಯೇ ಇಲ್ಲದ ಬೆಳ್ಳಿ ಬಣ್ಣಕ್ಕಂತೂ ಮಾಸಲು ಏನೂ ಇಲ್ಲ. ಗೀರು ಬಿದ್ದರೆ ಒಳಗಿನ ಲೋಹವೂ ಅದೇ ಬಣ್ಣದ್ದಾದ್ದರಿಂದ ಕಣ್ಣಿಗೆ ರಾಚುವುದಿಲ್ಲ. ಕಪ್ಪಿನ ಮೇಲೆ ಒಂದು ಸಣ್ಣ ಗೀರೂ ಬಿಳಿ ಗೆರೆಯಾಗಿ ನಿಲ್ಲುತ್ತದೆ. ಹಾಗಿದ್ದೂ ಅಗ್ಗದ ಮಾಲೆಂಬ ಹೆಸರು ಬಂದದ್ದು ಬೆಳ್ಳಿಗೆ.

ಕಪ್ಪು ಶಾಖವನ್ನು ಬೇಗ ಹೊರಹಾಕುತ್ತದೆ, ಎಲ್ಇಡಿ ತಣ್ಣಗಿರುತ್ತದೆ ಎಂದು ಮಣಿಪಾಲದಲ್ಲಿ ಓದಿದ ಹುಡುಗರು ವಾದಿಸುವುದುಂಟು. ಬರಿಯ ಪಾಲಿಶ್ ಮಾಡಿದ ಅಲ್ಯೂಮಿನಿಯಂ ಶಾಖವನ್ನು ಬಲು ಕಡಿಮೆ ಸೂಸುತ್ತದೆ ಎಂಬಲ್ಲಿಗೆ ಅವರ ಮಾತು ಸರಿ. ಆನೋಡೈಸ್ ಆದ ಮೇಲೆ ಆ ಕೊರತೆ ನೀಗುತ್ತದೆ, ಮತ್ತು ನೀಗಿಸುವುದು ಆಕ್ಸೈಡು, ಬಣ್ಣವಲ್ಲ. ಕೈಬಿಸಿಯಷ್ಟಿರುವ ವಸ್ತು ಶಾಖ ಸೂಸುವುದು ಕಣ್ಣಿಗೆ ಕಾಣದ ಅವಕೆಂಪಿನಲ್ಲಿ. ಅಲ್ಲಿ ಬೆಳ್ಳಿಯ ಆನೋಡೈಸೂ ಕಪ್ಪಿನ ಆನೋಡೈಸೂ ಹೆಚ್ಚುಕಡಿಮೆ ಒಂದೇ. ಬಿಸಿಲಲ್ಲಿಟ್ಟಾಗ ಮಾತ್ರ ವ್ಯತ್ಯಾಸ ದೊಡ್ಡದು, ಕಪ್ಪು ಬಿಸಿಲನ್ನು ಕುಡಿಯುತ್ತದೆ. ಒಳಗಿನ ಲಿಥಿಯಂ ಸೆಲ್ಲಿನ ಆಯುಸ್ಸನ್ನು ಕಡಿಮೆ ಮಾಡುವುದು ಆ ಬಿಸಿಯೇ.

ಇಷ್ಟು ಬಾಳಿಕೆಯ ಮಾತಾಯಿತು. ನನ್ನ ದೊಡ್ಡ ಆಕ್ಷೇಪ ಇರುವುದು ಕತ್ತಲಲ್ಲಿ ಕಪ್ಪು ವಸ್ತುವನ್ನು ಕೈಗೆ ಕೊಡುವುದರ ಬಗ್ಗೆ. ಮೊದಲ ಜೋರು ಮಳೆಗೆ ಗದ್ದೆಗೇರುವ ಉಬರ್ ಮೀನು ಹಿಡಿಯಲು ರಾತ್ರಿ ಮೊಣಕಾಲು ನೀರಿನಲ್ಲಿ ನಿಂತವನ ಕೈಯಿಂದ ಟಾರ್ಚು ಜಾರಿತೆನ್ನಿ. ತೋಡಿನ ಸಂಕದ ಮೇಲೆ, ಹಾವು ಸುಳಿಯುವ ಜಾಗದಲ್ಲಿ, ಆರಿದ ಟಾರ್ಚು ಬಿತ್ತೆನ್ನಿ. ಮಳೆಗಾಲದಲ್ಲಿ ನಮ್ಮ ಕೆಂಪುಕಲ್ಲು ಕೆಂಪಾಗಿರುವುದಿಲ್ಲ, ಪಾಚಿ ಕಟ್ಟಿ ಕರ್ರಗಾಗಿರುತ್ತದೆ. ಅದರ ಮೇಲೆ ಕಪ್ಪು ಟಾರ್ಚನ್ನು ಬರಿಗೈಯಲ್ಲಿ ತಡಕುವವನ ಬೆರಳಿಗೆ ಮೊದಲು ಏನು ಸಿಗುತ್ತದೆಂದು ಯಾರೂ ಹೇಳಲಾರರು. ಬಾಳಿಕೆಯ ಲೆಕ್ಕದಲ್ಲಿ ಕಳೆದುಹೋಗುವುದೂ ಸೇರಬೇಡವೆ? ಕಳೆದ ಟಾರ್ಚಿಗೆ ಕೋಟಿಂಗು ಎಷ್ಟು ಮೈಕ್ರಾನಿದ್ದರೇನು?

ಬಣ್ಣ ಬೇಕೆಂದ ಮಾತ್ರಕ್ಕೆ ಯಾವುದಾದರೂ ಆದೀತು ಎಂದಲ್ಲ. ಕೆಂಪು ಬೇಡ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನ ಸಂವೇದನೆ ನೀಲಿ ಹಸಿರಿನ ಕಡೆಗೆ ಜರುಗುತ್ತದೆ, ಕೆಂಪು ಕಪ್ಪಾಗಿ ಕಾಣುತ್ತದೆ. 19ನೇ ಶತಮಾನದ ಚೆಕ್ ಶರೀರಶಾಸ್ತ್ರಜ್ಞ ಯಾನ್ ಪುರ್ಕಿನ್ಯೆಯ ಹೆಸರಿನಲ್ಲಿ ಪ್ರಸಿದ್ಧವಾದ ಈ ಸಂಗತಿಯನ್ನು ಮುಸ್ಸಂಜೆ ಅಂಗಳದ ಕೆಂಪು ದಾಸವಾಳ ನೋಡಿದವರೆಲ್ಲ ಒಪ್ಪುತ್ತಾರೆ. ಬಂಗಾರ ಬಣ್ಣ ಬೋಟಿನ ಡೆಕ್ಕಿಗೆ ಬಹಳ ಒಳ್ಳೆಯದು, ಆದರೆ ಅಡಿಕೆ ತೋಟದಲ್ಲಿ ಒಣಗಿ ಬಿದ್ದ ಹಾಳೆ, ಸೋಗೆಗಳ ನಡುವೆ ಅದು ಬೆರೆತುಹೋಗುತ್ತದೆ. ತೋಟಕ್ಕೆ ಬೆಳ್ಳಿಯೇ ಸರಿ. ಸುತ್ತಲಿನದ್ದು ನೋಡಿ ಬಣ್ಣ ಆರಿಸುವುದು ನಮಗೆ ಹೊಸತೇನಲ್ಲ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ರಾತ್ರಿ ಬೆಳಕಿನಿಂದ ದಾರಿ ತೋರಿಸಿದರೆ, ಹಗಲು ಅದರ ಕಪ್ಪು ಬಿಳಿ ಪಟ್ಟೆಗಳೇ ನಾವಿಕನಿಗೆ ಗುರುತು. ಬೆಳಕಿನ ಸಾಧನ ತಾನೂ ಕಾಣಬೇಕು ಎಂಬ ಬುದ್ಧಿ ನಮ್ಮ ಕಣ್ಣೆದುರಿಗೇ ಒಂದು ಶತಮಾನದಿಂದ ನಿಂತಿದೆ.

ಹಿಂದಿನವರ ಬ್ಯಾಟ್ರಿಯನ್ನು ನೆನೆಯಿರಿ. ಯಕ್ಷಗಾನ ನೋಡಿ ಬೆಳಗಿನ ಜಾವ ಗದ್ದೆಯಂಚಿನಲ್ಲಿ ಮರಳುವವರ ಕೈಗೆ ಸೂಟೆಯ ಬದಲು ಬಂದದ್ದು ಬೆಳ್ಳಗೆ ಹೊಳೆಯುವ ಎರಡು, ಮೂರು ಸೆಲ್ಲಿನ ಟಾರ್ಚು. ಎವರೆಡಿಯ ಜೀವನ್ ಸಾಥಿ ಎಂಬ ಹಿತ್ತಾಳೆಯ ಟಾರ್ಚು ದೇಶದ ಹಳ್ಳಿಹಳ್ಳಿಗೆ ತಲುಪಿತ್ತು. ಮೆರುಗಿನ ಲೇಪ ಸವೆದರೆ ಕೆಳಗೆ ಹಿತ್ತಾಳೆ ಕಾಣುತ್ತಿತ್ತು, ಅದೂ ಹೊಳೆಯುವಂಥದ್ದೇ. ನೆಗ್ಗಿದರೆ ಬಡಿದು ನೇರ ಮಾಡಬಹುದಿತ್ತು, ಬಿಟ್ಟರೆ ಬೆಸುಗೆ ಹಾಕಬಹುದಿತ್ತು, ಹಸಿರು ಹಿಡಿದರೆ ದೀಪಕ್ಕೆ ಹಾಕುವ ಹುಣಸೆಹುಳಿಯೇ ಸಾಕಿತ್ತು. ಹಿತ್ತಾಳೆ ಭಾರ, ಬೆಲೆಯೂ ಹೆಚ್ಚು, ಎಲ್ಲರೂ ಅದಕ್ಕೇ ಮರಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಆ ಟಾರ್ಚನ್ನು ಆರಿಸಿದವರು ಹೊಳಪನ್ನು ದೌರ್ಬಲ್ಯವೆಂದು ತಿಳಿದಿರಲಿಲ್ಲ. ಹೊಳಪು ಅಗ್ಗ, ಕಪ್ಪು ಘನ ಎಂಬ ಎಣಿಕೆ ನಮ್ಮ ಕಾಲದ್ದು, ಹೊರಗಿನಿಂದ ಹೊತ್ತು ತಂದದ್ದು.

ನಮ್ಮದೇ ಮಾನದಂಡವೂ ಇದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1868 ಅಲ್ಯೂಮಿನಿಯಮ್ಮಿನ ಆನೋಡೈಸ್ ಪದರವನ್ನು ಎಸಿ 5ರಿಂದ ಎಸಿ 25ರವರೆಗೆ ದಪ್ಪದ ಮೇಲೆ ವಿಂಗಡಿಸುತ್ತದೆ. ಅಲ್ಲಿ ಮಿಲಿಟ್ರಿ ಎಂಬ ಮಾತಿಲ್ಲ, ಮೈಕ್ರಾನಿನ ಲೆಕ್ಕವಿದೆ. ಲೈನ್‌ಮ್ಯಾನ್‌ಗಳಿಗೆ, ಅರಣ್ಯ ವೀಕ್ಷಕರಿಗೆ, ಮಳೆಗಾಲದ ಪರಿಹಾರ ತಂಡಗಳಿಗೆ ಟಾರ್ಚು ಕೊಳ್ಳುವ ಕಚೇರಿಗಳು, ಸದಸ್ಯರಿಗಾಗಿ ಒಟ್ಟಿಗೆ ಖರೀದಿಸುವ ಮೀನುಗಾರರ ಮತ್ತು ಕೃಷಿಕರ ಸಹಕಾರಿ ಸಂಘಗಳು ಟೆಂಡರಿನಲ್ಲಿ "ಉತ್ತಮ ಗುಣಮಟ್ಟದ ಕಪ್ಪು ಲೋಹದ ಟಾರ್ಚು" ಎಂದು ಬರೆಯುವುದನ್ನು ನಿಲ್ಲಿಸಲಿ. ಬದಲಿಗೆ ಹೀಗೆ ಬರೆಯಲಿ: ಆನೋಡೈಸ್ ಪದರ 25 ಮೈಕ್ರಾನಿಗೆ ಕಡಿಮೆಯಿಲ್ಲದಂತೆ, ಸೀಲಿಂಗ್ ಆಗಿರಬೇಕು, ಒಳಗೋಡೆ ಮತ್ತು ಥ್ರೆಡ್ಡುಗಳೂ ಸೇರಿ, ಅಂಚುಗಳು ದುಂಡಗಿರಬೇಕು, ಸ್ಟೀಲಿನ ಉಂಗುರ ಬೇಡ; ಬಣ್ಣ ತೋಟ ಮತ್ತು ಕಾಡಿನ ಕೆಲಸಕ್ಕೆ ಡೈ ಇಲ್ಲದ ಬೆಳ್ಳಿ, ಕಡಲ ಕೆಲಸಕ್ಕೆ ಬಂಗಾರ.